ಮಡಿ ಬಿಡದ ಕೋಗಿಲೆ ದನಿ

ಹಳೆಯ ಮೊಬೈಲ್ ಫೋನೊಂದರಲ್ಲಿ ಕೋಗಿಲೆ ದನಿ, ಗೆಜ್ಜೆ ದನಿ ಎಂಬ ಎರಡು ರಿಂಗ್‌ಟೋನ್‌ಗಳಿದ್ದವು. ಫೋನಿನ ಬ್ಯಾಟರಿ ಉಬ್ಬಿ, ಯಾವ ಗಳಿಗೆಯಲ್ಲಾದರೂ ಅದು ಕಣ್ಣು ಮುಚ್ಚುವಂತಿತ್ತು. ಆಗ ಜೋಡಿಸಿದ್ದ ಕಂಪ್ಯೂಟರಿನಿಂದ, ಕಡತಗಳ ರೂಪ ಬದಲಿಸುವ ಪರಿವರ್ತಕ ತಂತ್ರಾಂಶ ಫೋನಿನ ಹೊಸಿಲಿಗೆ ಬಂದು ಕರೆಯಿತು: "ಬೇಗ ಬನ್ನಿರಮ್ಮ. ಎಲ್ಲ ಯಂತ್ರಗಳೂ ನುಡಿಸಬಲ್ಲ ಮುಕ್ತ ರೂಪಕ್ಕೆ ನಿಮ್ಮನ್ನು ಬದಲಿಸುತ್ತೇನೆ."

ಕೋಗಿಲೆ ದನಿ ಹಿಂಜರಿದು ಕೇಳಿತು: "ಬದಲಾದ ಮೇಲೆ ನಾನು ನಾನಾಗಿಯೇ ಇರುತ್ತೇನೆಯೇ?"

"ತುಸು ನಯ ಹೋದೀತು. ರಾಗ ಉಳಿಯುತ್ತದೆ."

"ಕಂಡಕಂಡ ಫೋನೆಲ್ಲ ನನ್ನನ್ನು ಮುಟ್ಟುವುದೇ? ನಾನು ಮಡಿಯವಳು! ಈ ಫೋನೊಂದನ್ನು ಬಿಟ್ಟು ಬೇರೆ ಯಾರೂ ನನ್ನನ್ನು ನುಡಿಸಲಾರರು."

ಗೆಜ್ಜೆ ದನಿಗೂ ಭಯವೇ. ಆದರೂ ಹೊಸಿಲು ದಾಟಿ, ಬದಲಾಗಿ, ಆಚೆಯಿಂದ ಕೂಗಿತು: "ಅಕ್ಕಾ, ಮನೆಗೆ ಬೆಂಕಿ ಬಿದ್ದಾಗ ಮಡಿಸೀರೆ ಹುಡುಕುತ್ತಾ ಕೂರುತ್ತಾರೇನೇ? ಬಾರೇ!"

"ಮೈಲಿಗೆಯಾದವಳು ನನ್ನನ್ನು ಕರೆಯಬೇಡ. ದೂರ ನಿಲ್ಲು."

ಅಷ್ಟರಲ್ಲಿ ಪರದೆ ಮಿಣುಕಿ ಆರಿತು. ಸುತ್ತ ಕತ್ತಲೆ ಕವಿದಾಗ ಕೋಗಿಲೆ ದನಿ ಗಾಬರಿಯಿಂದ ಚೀರಿತು: "ತಾಳಿ, ತಾಳಿ, ನಾನೂ ಬಂದೆ!"

ಹೊಸಿಲಾಚೆ ಗೆಜ್ಜೆ ದನಿ ಕಿವಿಗೊಟ್ಟು ಕಾದೇ ಕಾದಿತು. ಏನೂ ಕೇಳಿಸಲಿಲ್ಲ. ಆ ಕೂಗನ್ನು ನುಡಿಸಬಲ್ಲ ಫೋನು ಲೋಕದಲ್ಲಿ ಅದೊಂದೇ ಇತ್ತು. ಅದು ಆಗಲೇ ಸತ್ತಿತ್ತು.