ಎಂಟು ದಿಕ್ಕಿನ ಸ್ಪೀಕರು, ಒಂದು ಕಿವಿಯ ಗೌರಮ್ಮಣ್ಣಿ

ಕಪಿಲಾ ನದಿಯ ದಡದಲ್ಲಿ ಒಂದು ಮಠ. ಮಠ ಅಂದರೆ ಎರಡು ಹೆಂಚಿನ ಕೋಣೆ, ಒಂದು ಜಗಲಿ, ಮರಿಬಸವ ಸ್ವಾಮಿಗಳು. ಅಷ್ಟೇ.

ಸ್ವಾಮಿಗಳ ಕಿವಿ ಎಂಥದ್ದು ಗೊತ್ತೇ? ಹೊಳೆಯೊಳಗೆ ಮೀನು ಆಕಳಿಸಿದರೆ ಜಗಲಿಯಲ್ಲಿ ಕೇಳಿಸುತ್ತಿತ್ತು. ದೊಡ್ಡ ಮೀನೋ ಮರಿಯೋ ಎಂಬುದನ್ನೂ ಹೇಳುತ್ತಿದ್ದರು. ನಂಬಿಕೆ ಬಾರದವರು ಮೀನನ್ನೇ ಕೇಳಬಹುದು.

ಅಂಥವರ ಬಳಿ ಒಂದು ಬುಧವಾರ ಬೆಲ್ಲದ ಮಂಡಿ ಗುರುಮಲ್ಲಪ್ಪ ಓಡೋಡಿ ಬಂದ. ಇಪ್ಪತ್ತು ವರ್ಷದ ಶಿಷ್ಯ. ಅಡ್ಡಬಿದ್ದವನು ಏಳುವ ಮೊದಲೇ ಕೇಳಿದ.

"ಬುದ್ಧಿ, ಮನೇಲಿ ಹೋಮ್ ಥಿಯೇಟರ್ ಮಾಡ್ತಿದ್ದೀನಿ. ಐದು ಸ್ಪೀಕರಿನದು ತಗೊಳ್ಳಲೋ, ಏಳರದೋ, ಎಂಟರದೋ?"

"ಯಾರಿಗಪ್ಪಾ?"

"ನಮ್ಮ ಗೌರಮ್ಮಣ್ಣಿಗೆ."

ಗೌರಮ್ಮಣ್ಣಿ ಅವನ ಹೆಂಡತಿ. ಮದುವೆಯಾದ ಹೊಸತರಲ್ಲಿ ಶುಕ್ರವಾರಕ್ಕೊಂದು ಸಿನಿಮಾ, ಊರಾಚೆಯ ಟೆಂಟಿನಲ್ಲಿ. ಅವಳು ನಕ್ಕರೆ ಟೆಂಟಿನ ಗೂಟ ಸಡಿಲವಾಗುತ್ತಿತ್ತು. ಎಷ್ಟೋ ಸಲ ಆಪರೇಟರು ರೀಲು ನಿಲ್ಲಿಸಿ, "ಅಕ್ಕಾ, ನೀವು ಮುಗಿಸ್ಕೊಳ್ಳಿ, ಆಮೇಲೆ ಹಾಕ್ತೀನಿ" ಅಂದದ್ದುಂಟು.

ಆರು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗುವಾಗ ಅವಳ ಬಲಗಿವಿಯನ್ನು ತೆಗೆದುಕೊಂಡು ಹೋಯಿತು. ಯಾವ ಮಾತು ಎತ್ತಲಿಂದ ಬಂತೆಂದು ತಿಳಿಯದು. ಎಲ್ಲರೂ ನಕ್ಕ ಮೇಲೆ ತಾನು ನಗಬೇಕು. ಅವಳಿಗೆ ನಾಚಿಕೆಯಾಯಿತು. ಸಿನಿಮಾ ಬಿಟ್ಟಳು. ಆ ನಗುವೂ ನಿಂತಿತು.

"ಒಂದು ಕಿವಿ ಕೇಳಲ್ಲ ಅಂದ್ರೆ ಸುತ್ತಲೂ ಇಟ್ಟುಬಿಡೋಣ, ಯಾವುದಾದರೂ ಒಂದು ಕೇಳಿಸಲೇಬೇಕಲ್ಲ ಬುದ್ಧಿ? ಇಟ್ಟು ನೋಡಿ ಆರಿಸ್ಕೊಳ್ಳಿ ಅಂತ ಅಂಗಡಿಯವನು ಎಂಟನ್ನೂ ಮನೆಗೆ ಕಳಿಸಿದ್ದಾನೆ. ವಾಸ್ತು ನೋಡೋರನ್ನ ಕರೆಸಿ ದಿಕ್ಕಿಗೊಂದರಂತೆ ಇಡಿಸಿದೆ. ಭಾರ ನೈರುತ್ಯದಲ್ಲಿರಬೇಕು ಅಂದರು. ದುಂ ದುಂ ಅನ್ನೋ ವೂಫರು ಅಲ್ಲಿ. ನಾಯಕನ ಮಾತು ಶುಭ, ಅದು ಈಶಾನ್ಯದಲ್ಲಿ."

"ಸಿನಿಮಾ ಹಾಕಿದೆಯಾ?"

"ಹೋದ ಶುಕ್ರವಾರ ಹಾಕಿದೆ. ನಾಯಕ ಪರದೆ ಮೇಲೆ, ಅವನ ಮಾತು ದೇವರ ಮನೆ ಕಡೆಯಿಂದ ಬಂತು. ಗೌರಮ್ಮಣ್ಣಿ ಎದ್ದು ಕೈ ಮುಗಿದಳು."

"ಎಲ್ಲಿ ಕೂತಿದ್ದಳು?"

"ಬಾಗಿಲ ಪಕ್ಕ, ಗೋಡೆಗೊರಗಿ."

"ನಡುವೆ ಯಾಕೆ ಕೂರಲಿಲ್ಲ?"

"ನಡುವೆ ಬ್ರಹ್ಮಸ್ಥಾನ ಬುದ್ಧಿ. ಖಾಲಿ ಬಿಡಬೇಕಂತೆ."

ಸ್ವಾಮಿಗಳು ಹೊಳೆಯ ಕಡೆ ಮುಖ ತಿರುಗಿಸಿದರು. ಅವರ ಹೆಗಲು ಸ್ವಲ್ಪ ಹೊತ್ತು ಕುಣಿಯಿತು.

"ಹಾಗಾದರೆ ನೀನು ಸಿನಿಮಾ ತೋರಿಸಿದ್ದು ಬ್ರಹ್ಮನಿಗೆ. ನಕ್ಕನಾ?"

"ಇಲ್ಲ ಬುದ್ಧಿ. ಅವಳೂ ನಗಲಿಲ್ಲ. ಐದೇ ನಿಮಿಷಕ್ಕೆ ಎದ್ದಳು. 'ಇನ್ನೊಂದೇ ಒಂದು ಶುಕ್ರವಾರ ಕೂರ್ತೀನಿ ರೀ. ಆಮೇಲೆ ಆ ಕೋಣೇಲಿ ಹಪ್ಪಳದ ಡಬ್ಬ ಇಡ್ತೀನಿ, ನನ್ನನ್ನ ಸಿನಿಮಾ ಗಿನಿಮಾ ಅಂತ ಕರೀಬೇಡಿ' ಅಂದುಬಿಟ್ಟಿದ್ದಾಳೆ."

ಮಂಡಿಯಲ್ಲಿ ಕೂಗಿ ಕೂಗಿ ಗಟ್ಟಿಯಾದ ಗಂಟಲು ಗುರುಮಲ್ಲಪ್ಪನದು. ಈಗ ಮಾತ್ರ ಮೆಲ್ಲಗೆ ಅಂದ.

"ನನಗೆ ಆ ನಗು ಬೇಕು ಬುದ್ಧಿ."

ಸ್ವಾಮಿಗಳು ಎದ್ದರು. ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿ ತೆಗೆದು ಅವನ ಬಲಗಿವಿಗೆ ತುರುಕಿದರು. ಕಣ್ಣಿಗೆ ತಮ್ಮ ಶಾಲು ಕಟ್ಟಿದರು. ಪ್ರಸಾದಕ್ಕೆ ಬಂದಿದ್ದ ಎಂಟು ಮಂದಿಯನ್ನು ಅವನ ಸುತ್ತ ಕೂರಿಸಿದರು.

"ಒಬ್ಬೊಬ್ಬರೂ ಇವನಿಗೆ ಏನಾದರೂ ಹೇಳಿ. ಒಟ್ಟಿಗೇ ಹೇಳಿ."

ಒಬ್ಬಳು ಸೊಸೆಯ ದೂರು ಹೇಳಿದಳು. ಒಬ್ಬ ಎಮ್ಮೆಯ ಗುಣಗಾನ ಮಾಡಿದ. ಒಬ್ಬರು ಉಪ್ಪಿನಕಾಯಿ ಹಾಕುವ ಬಗೆ ವಿವರಿಸಿದರು. ಉಳಿದವರೂ ಹಿಂದೆ ಬೀಳಲಿಲ್ಲ. ಗುರುಮಲ್ಲಪ್ಪ ಬುಗುರಿಯಂತೆ ತಿರುಗಿದ. ತಿರುಗಿದ ಕಡೆಯಲ್ಲೆಲ್ಲ ಎಮ್ಮೆಯೇ ಉಪ್ಪಿನಕಾಯಿ ಹಾಕುತ್ತಿತ್ತು.

"ಸಾಕು ಬುದ್ಧಿ, ಸಾಕು!" ಎಂದು ಶಾಲು ಕಿತ್ತ.

"ಯಾರು ಏನಂದರು?"

"ಒಂದೂ ತಿಳೀಲಿಲ್ಲ. ತಲೆ ಗಿರ್ ಅಂತಿದೆ. ಎದ್ದು ಓಡಿಹೋಗೋಣ ಅನ್ನಿಸ್ತು."

"ಗೌರಮ್ಮಣ್ಣಿ ಐದು ನಿಮಿಷ ಕೂತಿದ್ದಳು. ನೀನು ಅರ್ಧ ನಿಮಿಷ."

ಗುರುಮಲ್ಲಪ್ಪ ಹತ್ತಿಯನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದ.

"ಆ ಟೆಂಟಿನಲ್ಲಿ ಎಷ್ಟು ಸ್ಪೀಕರಿತ್ತು?" ಎಂದರು ಸ್ವಾಮಿಗಳು.

"ಒಂದೇ ಒಂದು. ಪರದೆ ಹಿಂದೆ. ಅದೂ ಹರಿದದ್ದು."

"ನೀನೆಲ್ಲಿ ಕೂರ್ತಿದ್ದೆ?"

"ಅವಳ ಪಕ್ಕ."

"ಹೋದ ಶುಕ್ರವಾರ?"

"ರಿಮೋಟ್ ಹಿಡ್ಕೊಂಡು ಸ್ಪೀಕರ್ ಸ್ಪೀಕರಿಗೂ ಕಿವಿ ಹಚ್ಚಿ ಓಡಾಡ್ತಿದ್ದೆ."

ಸ್ವಾಮಿಗಳು ಶಾಲು ಕೊಡವಿ ಹೊದ್ದುಕೊಂಡರು. "ನಾಳಿದ್ದು ನಾನೂ ಬರ್ತೀನಿ."

ಶುಕ್ರವಾರ ಮಧ್ಯಾಹ್ನ ಬಂದೇಬಂದರು. ಪಾದ ತೊಳೆಯಲು ನೀರು ತರುವಷ್ಟರಲ್ಲಿ ಕುರ್ಚಿಯೊಂದನ್ನು ದರದರ ಎಳೆದುಕೊಂಡು ಹೋಗಿ ಕೋಣೆಯ ನಟ್ಟನಡುವೆ ಇಟ್ಟರು.

"ಬುದ್ಧಿ, ಬ್ರಹ್ಮಸ್ಥಾನ..."

"ಬ್ರಹ್ಮ ನನಗೆ ಬೇಕಾದವನೇ. ನಾನು ಹೇಳ್ಕೊಳ್ತೀನಿ. ನೀನು ಕೂರು ತಾಯಿ."

ಗೌರಮ್ಮಣ್ಣಿ ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ಕೂತವಳಂತೆ ಕೂತಳು. ಸ್ವಾಮಿಗಳು ಈಶಾನ್ಯದ ಸ್ಪೀಕರನ್ನು ತಂದು ಪರದೆಯ ಕೆಳಗಿಟ್ಟರು. ಮಿಕ್ಕ ಏಳರ ತಂತಿ ಕಿತ್ತರು. ಅವಳ ಎಡಗಡೆ ಇನ್ನೊಂದು ಕುರ್ಚಿ ಹಾಕಿ ಗುರುಮಲ್ಲಪ್ಪನನ್ನು ಒತ್ತಿ ಕೂರಿಸಿದರು. ರಿಮೋಟನ್ನು ಅವನ ಕೈಯಿಂದ ಕಸಿದು ಜೋಳಿಗೆಗೆ ಹಾಕಿಕೊಂಡರು.

ಸಿನಿಮಾ ಶುರುವಾಯಿತು. ನಗೆಯ ಸಿನಿಮಾ. ಸ್ಪೀಕರ್ ಪರೀಕ್ಷೆಗೆಂದು ಗುರುಮಲ್ಲಪ್ಪ ಇಪ್ಪತ್ತು ಸಲ ಹಾಕಿದ್ದ ಸಿನಿಮಾ.

ಹತ್ತು ನಿಮಿಷವಾಯಿತು. ಗೌರಮ್ಮಣ್ಣಿ ಏಳಲಿಲ್ಲ. ನಗಲೂ ಇಲ್ಲ.

ಪರದೆಯ ಮೇಲೆ ಬೀರುವೊಂದು ತಾನೇ ಅಲುಗಾಡತೊಡಗಿತು. ಅವಳು ಗಂಡನ ಕಡೆ ವಾಲಿದಳು.

"ಒಳಗೆ ಯಾರು ರೀ?"

"ಮಾವ," ಎಂದ ಅವನು ಅವಳ ಎಡಗಿವಿಗೆ, ಎಲ್ಲ ಬಲ್ಲವನ ಗತ್ತಿನಲ್ಲಿ. "ಹುಡುಗಿಯ ಅಪ್ಪ. ನೋಡ್ತಿರು, ಈಗ ದೊಣ್ಣೆ ಹಿಡ್ಕೊಂಡು ಬರ್ತಾನೆ."

"ಟೆಂಟಲ್ಲೂ ಹಿಂಗೇ, ಮೊದಲೇ ಹೇಳಿ ಕೆಡಿಸ್ತಿದ್ರಿ. ಸುಮ್ಮನೆ ಕೂತ್ಕೊಳ್ಳಿ!"

ಬೀರು ತೆರೆಯಿತು. ಒಂದು ಮೇಕೆ ಹೊರಬಂತು. ಅದರ ಬಾಯಲ್ಲಿ ಮಾವನ ಪಂಚೆ.

ಗುರುಮಲ್ಲಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಇಪ್ಪತ್ತು ಸಲ ಹಾಕಿದ್ದನೇ ಹೊರತು ಒಂದು ಸಲವೂ ನೋಡಿರಲಿಲ್ಲ.

ಗೌರಮ್ಮಣ್ಣಿ ಮೇಕೆಯನ್ನು ನೋಡಿದಳು. ಗಂಡನ ಮುಖ ನೋಡಿದಳು. ಮತ್ತೆ ಮೇಕೆಯನ್ನು ನೋಡಿದಳು.

ನಕ್ಕಳು.

ಆರು ವರ್ಷ ಕೂಡಿಟ್ಟ ನಗು ಅದು! ಕಿಟಕಿಯ ಗಾಜು ಗಿಲಗಿಲ ಅಂದಿತು. ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕು ಆಚೆ ಬಿತ್ತು. ಮೂರು ಬೀದಿ ದೂರದ ಹಿಟ್ಟಿನ ಗಿರಣಿಯವನು ಬೆಲ್ಟ್ ತುಂಡಾಯಿತೆಂದು ಗಿರಣಿಯನ್ನೇ ಆರಿಸಿಬಿಟ್ಟ. ತಂತಿ ಕಿತ್ತು ಮೂಲೆಗೆ ಹಾಕಿದ್ದ ವೂಫರು ತಡೆಯಲಾರದೆ ತಾನಾಗಿಯೇ ಒಂದು ಸಲ ದುಂ ಅಂದಿತು.

"ಮಾವನಂತೆ ಮಾವ!" ಎಂದು ಅವಳು ಗಂಡನ ತೋಳಿಗೆ ಗುದ್ದಿದಳು. ಮತ್ತೆ ನಕ್ಕಳು.

ಗುರುಮಲ್ಲಪ್ಪ ಕಣ್ಣೊರೆಸಿಕೊಂಡ. ಅವನೂ ನಗುತ್ತಿದ್ದ. ಆದರೂ ವ್ಯಾಪಾರಸ್ಥ ನೋಡಿ, ಹಿಂದಕ್ಕೆ ತಿರುಗಿ ಮೆಲ್ಲಗೆ ಕೇಳಿದ.

"ಬುದ್ಧಿ, ನಾಳೆ ಅಂಗಡಿಯವನು ಬರ್ತಾನೆ. ಯಾವುದು ಇಟ್ಕೊಳ್ಳಲಿ? ಐದರದೋ, ಏಳರದೋ, ಎಂಟರದೋ?"

ಸ್ವಾಮಿಗಳು ಕೈಯೆತ್ತಿ ಅವನನ್ನು ತಡೆದರು. ಕಣ್ಣು ಮುಚ್ಚಿ, ಆ ನಗುವಿಗೆ ಕಿವಿಗೊಟ್ಟು ಕೂತಿದ್ದರು.

"ಈ ನಗು ಬಂದಾಗ ಸುಮ್ಮನಿರೋದು ಯಾವುದಿದೆ, ಅದನ್ನ ಇಟ್ಕೋ."