ಮಾರಾಟಕ್ಕಿಟ್ಟ ಗೆಳೆಯ

ಮಾರ್ಚ್ ಹನ್ನೆರಡು, ಗದಗಿನಲ್ಲಿ ಉರಿಬಿಸಿಲು. ಕೇರಂನಲ್ಲಿ ಸೋತ ದರ್ಜಿಯೊಬ್ಬ ಪಣದ ಚಹಾ ಕುಡಿಸುವ ಬದಲು, ಗೆದ್ದ ಗೆಳೆಯ ಮಾಬುಸಾಬನನ್ನೇ ಆನ್‌ಲೈನಿನಲ್ಲಿ ನೂರು ರೂಪಾಯಿಗೆ ಮಾರಾಟಕ್ಕಿಟ್ಟ.

ಅಗ್ಗಕ್ಕೆ ಆಳು ಸಿಕ್ಕನೆಂದು ಗುತ್ತಿಗೆದಾರ ವೀರನಗೌಡರು ಹಣ ಕಳಿಸಿ ಫೋನು ಮಾಡಿದರು. "ತಾಸಿನ್ಯಾಗ ಮಾಲು ಮನಿಗೆ ಬರಬೇಕು. ಇಲ್ಲಾಂದ್ರ ಮೋಸದ ಕೇಸು ಹಾಕಿಸ್ತೀನಿ."

ದರ್ಜಿ ಗೆಳೆಯನಿಗೆ ಇಷ್ಟೇ ಹೇಳಿದ: "ನನ್ನ ಜೋಡಿ ಹ್ಯಾಂಗ ಇರ್ತೀಯೋ, ಅಲ್ಲೂ ಹಂಗ ಇರು."

ಗೌಡರ ಮನೆಯಲ್ಲಿ ಹೊಸ ಬೀಗರು ಕೂತಿದ್ದರು. ಮಾಬುಸಾಬ ಗೌಡರ ತಟ್ಟೆಯಿಂದಲೇ ಮಿರ್ಚಿ ಎತ್ತಿಕೊಂಡು, "ದೋಸ್ತ, ಈ ವಿಗ್ಗು ನಿನಗ ಒಪ್ಪಂಗಿಲ್ಲ. ಬೋಳುತಲಿನೇ ಚಂದಿತ್ತು," ಎಂದ.

ಬೀಗರು ನಕ್ಕರು. ಗೌಡರು ಹಿತ್ತಲಿಗೆ ಹೋಗಿ ದರ್ಜಿಗೆ ಫೋನು ಹಚ್ಚಿದರು. "ಇವನ್ನ ಕರಕೊಂಡು ಹೋಗೋ ಮಾರಾಯಾ. ರೊಕ್ಕ ನೀನ ಇಟ್ಕೋ."

ಗೌಡರ ಆ ನೂರು ರೂಪಾಯಿಯಲ್ಲಿ ಮಾಬುಸಾಬನಿಗೆ ಪಣದ ಚಹಾ ಸಂದಿತು.