ಬೇವಿನ ಬಳ್ಳಿ, ಮಾವಿನ ಬಳ್ಳಿ

ಹೊಳೆದಂಡೆಯ ಆಶ್ರಮದಲ್ಲಿ ಕಲ್ಲೇಶನೆಂಬ ಶಿಷ್ಯನಿದ್ದ. ಅವನ ಊರಲ್ಲಿ ವೈದ್ಯರಿರಲಿಲ್ಲ. ಜ್ವರ ಬಂದವರನ್ನು ಹೊತ್ತುಕೊಂಡು ಒಂದು ಹಗಲು ನಡೆಯಬೇಕಿತ್ತು. ತಾನೇ ವೈದ್ಯನಾಗಬೇಕು ಎಂಬುದೊಂದೇ ಅವನ ಹಂಬಲ.

ಆಚೆ ದಡದಲ್ಲಿ ಭದ್ರಯ್ಯ ಪಂಡಿತರ ವೈದ್ಯಶಾಲೆ. ಅವರೋ, ವರ್ಷಕ್ಕೆ ಒಬ್ಬನನ್ನೇ ಸೇರಿಸಿಕೊಳ್ಳುವವರು.

"ಅಯ್ಯನವರೇ, ಮುಂದಿನ ಯುಗಾದಿಗೆ ಪಂಡಿತರ ಹತ್ತಿರ ಹೋಗಬೇಕು. ಏನು ಓದಲಿ?" ಎಂದು ಗುರುವನ್ನು ಕೇಳಿದ.

"ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ ಮಾವಿನ ಮರದ್ದಕ್ಕಿಂತ ಹೆಚ್ಚು ಕಹಿಯಂತೆ. ಹೌದೋ ಅಲ್ಲವೋ ನೋಡು," ಎಂದರು ಗುರು.

ಕಲ್ಲೇಶ ಎರಡೂ ಮರದಿಂದ ತುಂಡು ಕಿತ್ತು ತಂದು ಅಗಿದ. ಮೂರೇ ದಿನಕ್ಕೆ ಓಡಿ ಬಂದ.

"ಬೇವಿನದೇ ಹೆಚ್ಚು ಕಹಿ, ಅಯ್ಯನವರೇ! ಎಲ್ಲರೂ ಹೇಳುವುದು ನಿಜ."

"ಕಿತ್ತು ತಂದವರು ಯಾರು?"

"ನಾನೇ."

"ಹಾಗಾದರೆ ರುಚಿ ನೋಡಿದ್ದು ನಾಲಿಗೆಯೋ, ಕಣ್ಣೋ?"

ಮರುದಿನದಿಂದ ಅಡುಗೆಯ ನೀಲಮ್ಮ ತುಂಡು ತಂದುಕೊಡುವುದು, ಕಲ್ಲೇಶ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಗಿದು ಯಾವ ಮರದ್ದೆಂದು ಹೇಳುವುದು ಎಂದಾಯಿತು. ಸರಿಯಾದರೆ ನೀಲಮ್ಮ ಗೋಡೆಯ ಮೇಲೆ ಇದ್ದಿಲಿನಲ್ಲಿ ಉದ್ದ ಗೆರೆ ಎಳೆಯುತ್ತಿದ್ದಳು, ತಪ್ಪಾದರೆ ಅಡ್ಡ ಗೆರೆ.

"ಅಯ್ಯೋ ಮಾರಾಯ, ಇವತ್ತೂ ಅಡ್ಡವೇ!" ಎಂದು ನಗುತ್ತಿದ್ದಳು.

ಉಳಿದವರು ಶ್ಲೋಕ ಬಾಯಿಪಾಠ ಮಾಡುತ್ತಿದ್ದರೆ ಇವನು ಕಹಿ ಉಗುಳುತ್ತ ಕೂತಿರಬೇಕು. ಅವನಿಗೆ ಹೊಟ್ಟೆ ಉರಿಯುತ್ತಿತ್ತು. ವರ್ಷದ ಕೊನೆಗೆ ನೋಡಿದರೆ ಉದ್ದ ಗೆರೆ ಎಷ್ಟೋ ಅಡ್ಡ ಗೆರೆಯೂ ಅಷ್ಟೇ.

"ವರ್ಷವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಅಯ್ಯನವರೇ. ಕೈಗೆ ಏನೂ ಸಿಗಲಿಲ್ಲ."

"ದೋಣಿ ಹೊರಡುತ್ತದೆ. ಹೋಗು," ಎಂದರು ಗುರು.

ವೈದ್ಯಶಾಲೆಯ ಜಗಲಿಯಲ್ಲಿ ಇಪ್ಪತ್ತು ಹುಡುಗರು ಸಾಲಾಗಿ ಕೂತಿದ್ದರು. ಪಂಡಿತರು ಒಬ್ಬೊಬ್ಬರಿಗೂ ಅಮೃತಬಳ್ಳಿಯ ಚೂರು ಕೊಟ್ಟು, "ಯಾವ ಮರದ್ದು?" ಎಂದು ಕೇಳುತ್ತ ಬಂದರು.

"ಬೇವಿನದು!"

"ಬೇವಿನದೇ, ಸಂಶಯವೇ ಇಲ್ಲ!"

ಕಲ್ಲೇಶನ ಸರದಿ ಬಂತು. ಎಲ್ಲರ ಹಾಗೆ ಬೇವು ಎಂದುಬಿಟ್ಟರೆ ಸಾಕಿತ್ತು. ಆದರೆ ಆ ಕಹಿಗೂ ಅವನಿಗೂ ಒಂದು ವರ್ಷದ ನಂಟು. ಬಾಯಿ ಸುಳ್ಳಾಡಲು ಒಪ್ಪಲಿಲ್ಲ.

"ನಾಲಿಗೆಯಿಂದ ಹೇಳಲಾರೆ, ಪಂಡಿತರೇ. ವರ್ಷವಿಡೀ ಕಣ್ಣು ಕಟ್ಟಿಕೊಂಡು ಅಗಿದಿದ್ದೇನೆ. ಎಷ್ಟು ಸಲ ಸರಿಯೋ ಅಷ್ಟೇ ಸಲ ತಪ್ಪು. ಮರ ತೋರಿಸಿದರೆ ಹೇಳುತ್ತೇನೆ."

ಹುಡುಗರು ಗೊಳ್ಳೆಂದು ನಕ್ಕರು. ಪಂಡಿತರು ನಗಲಿಲ್ಲ.

"ನಾಳೆ ಹಾಸಿಗೆ ಕಟ್ಟಿಕೊಂಡು ಬಾ," ಎಂದರು.

ಕಲ್ಲೇಶ ಸಂಜೆಯ ದೋಣಿಗೇ ಹಿಂತಿರುಗಿ ಗುರುವಿನ ಕಾಲಿಗೆ ಬಿದ್ದ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ನಿಮ್ಮ ಉಪಕಾರ ಏಳು ಜನ್ಮಕ್ಕೂ ಮರೆಯಲಾರೆ, ಅಯ್ಯನವರೇ. ಮನಸ್ಸಲ್ಲೇ ನಿಮ್ಮನ್ನು ಬೈದುಕೊಂಡಿದ್ದೆ, ಪಾಪಿ ನಾನು. ಉತ್ತರ ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ?"

ಗುರು ಅವನನ್ನು ಎಬ್ಬಿಸಿ ಬಾಯಿಗೊಂದು ಬೆಲ್ಲದ ಚೂರು ಇಟ್ಟರು.

"ಗೊತ್ತಿದ್ದಿದ್ದರೆ, ಮಗೂ, ಒಂದು ವರ್ಷ ನಿನ್ನ ಬಾಯಿ ಯಾಕೆ ಕಹಿ ಮಾಡಿಸುತ್ತಿದ್ದೆ?"